ಎರಡು ತೆಳು ಪಾತ್ರೆ, ಒಂದು ಹಂಡೆ: ಬೆಸುಗೆ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಐವತ್ತು ಲೀಟರಿನ ಎರಡು ಅಗ್ಗದ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳನ್ನು ಒಂದರ ಮೇಲೊಂದು ಬೆಸೆದು ನೂರು ಲೀಟರಿನ ಹಂಡೆ ಮಾಡಿಕೊಳ್ಳೋಣ ಎಂಬ ಯೋಚನೆ ಮನೆಯಲ್ಲೇ ಬಿಯರ್ ತಯಾರಿಸುವ ಅಮೆರಿಕದ ಹವ್ಯಾಸಿಗಳಿಗೆ ಒಂದಲ್ಲ ಒಂದು ದಿನ ಬರುತ್ತದೆ. ಅಲ್ಲಿ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯ ಪ್ರಕಾರ ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರ್ ಅನ್ನು ತೆರಿಗೆ ಇಲ್ಲದೆ ತಯಾರಿಸಿಕೊಳ್ಳಬಹುದು. ನೂರು ಲೀಟರಿನ ಹಂಡೆಯಲ್ಲಿ ಒಮ್ಮೆಗೆ 75 ಲೀಟರ್ ತೆಗೆದರೆ ಹತ್ತು ಸಲಕ್ಕೆ ವರ್ಷದ ಪಾಲು ಮುಗಿಯಿತು. ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು: ಇಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಿದ್ದರೂ ತೆಳು ಸ್ಟೀಲ್ ತಗಡಿನ ಬೆಸುಗೆಯ ಕಾಯಿಲೆಗಳು ಎಲ್ಲ ಊರಲ್ಲೂ ಒಂದೇ. ಕಾಫಿ ಡಿಕಾಕ್ಷನ್ನಿನ ದೊಡ್ಡ ಪಾತ್ರೆಯಾದರೂ ಮದುವೆ ಮನೆಯ ಬಿಸಿನೀರಿನ ಹಂಡೆಯಾದರೂ ಅದೇ ರೋಗ, ಅದೇ ಮದ್ದು.

ಹಂಡೆ ಸೋರಿದಾಗ, ಕಲೆ ಹಿಡಿದಾಗ, ಬಿರುಕು ಬಿಟ್ಟಾಗ ಜನ ಹೊರಗಿನಿಂದ ಬೆಸುಗೆಯನ್ನು ನೋಡುತ್ತಾರೆ. ಆರ್ಕ್ (ಲೋಹ ಕರಗಿಸುವ ವಿದ್ಯುತ್ ಕಿಡಿ) ಉರಿದದ್ದು ಆ ಕಡೆ, ಕಣ್ಣಿಗೆ ಬೀಳುವುದೂ ಆ ಕಡೆ. ಆದರೆ ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ತಗಡಿನಲ್ಲಿ ಬಹುಪಾಲು ತಪ್ಪುಗಳು ಹುಟ್ಟುವುದು ಬೆಸುಗೆಯ ಬೆನ್ನಿನಲ್ಲಿ, ಪಾತ್ರೆಯ ಒಳಮುಖದಲ್ಲಿ. ಆದ್ದರಿಂದ ಮೊದಲು ಟಾರ್ಚು ಮತ್ತು ಸಣ್ಣ ಕನ್ನಡಿ ಹಿಡಿದು ಒಳಗೆ ನೋಡಿ. ಅದಕ್ಕೆ ಮುನ್ನ ಹೊರಗಿನಿಂದ ಇನ್ನೊಂದು ಪದರ ಬೆಸುಗೆ ಎಳೆಯುವುದು ರೋಗ ಗೊತ್ತಾಗುವ ಮೊದಲೇ ಕೊಟ್ಟ ಮದ್ದಾಗುತ್ತದೆ, ಸಾಮಾನ್ಯವಾಗಿ ರೋಗವನ್ನು ಹೆಚ್ಚಿಸುತ್ತದೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 40 ಸೆಂಟಿಮೀಟರ್ ವ್ಯಾಸ, 40 ಸೆಂಟಿಮೀಟರ್ ಎತ್ತರ, 0.8 ಮಿಲಿಮೀಟರ್ ಗೋಡೆಯ ಎರಡು ಪಾತ್ರೆಗಳನ್ನು. ಕೆಳಗಿನದರ ಕಂಠ ಕತ್ತರಿಸಿ, ಮೇಲಿನದರ ತಳ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಟಿಗ್‌ನಲ್ಲಿ (ನಮ್ಮ ಕಾರ್ಖಾನೆಗಳಲ್ಲಿ ಇದೇ ಆರ್ಗಾನ್ ವೆಲ್ಡಿಂಗ್) ಸುತ್ತ ಬೆಸೆದದ್ದು. ಬೆಸುಗೆಯ ಒಟ್ಟು ಉದ್ದ ಸುಮಾರು 126 ಸೆಂಟಿಮೀಟರ್.

ಸೋರುತ್ತಿರುವುದು ನಿಜವಾಗಿ ಎಲ್ಲಿ?

ಹನಿ ಬೀಳುವ ಜಾಗವೇ ತೂತಿನ ಜಾಗ ಎಂದು ನಂಬಬೇಡಿ. ನೀರು ಬೆಸುಗೆಯ ಗುಂಟ ಹರಿದು ಎಲ್ಲೋ ತಗ್ಗಿದ್ದಲ್ಲಿ ತೊಟ್ಟಿಕ್ಕುತ್ತದೆ. ಹೊರಗಿನ ಬೆಸುಗೆಯ ಉದ್ದಕ್ಕೂ ಸುಣ್ಣದ ತಿಳಿ ಅಥವಾ ಸೀಮೆಸುಣ್ಣದ ಪುಡಿ ಬಳಿದು ಪೂರ್ತಿ ಒಣಗಲು ಬಿಡಿ. ಒಳಗೆ ಅಡುಗೆ ಬಣ್ಣ ಕಲಸಿದ ನೀರು ತುಂಬಿ, ಅದಕ್ಕೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಹಾಕಿ. ಸಾಬೂನು ಸೇರಿದ ನೀರು ಬರಿ ನೀರು ನುಗ್ಗದ ಸೂಜಿರಂಧ್ರಕ್ಕೂ ನುಗ್ಗುತ್ತದೆ. ಅರ್ಧ ದಿನ ಬಿಟ್ಟು ನೋಡಿದರೆ ಸುಣ್ಣದ ಮೇಲೆ ಬಣ್ಣದ ಚುಕ್ಕೆ ಎದ್ದಿರುತ್ತದೆ. ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಇದೇ ಪರೀಕ್ಷೆಯನ್ನು ಸೀಮೆಎಣ್ಣೆಯಲ್ಲಿ ಮಾಡುತ್ತಾರೆ, ಟ್ಯಾಂಕಿಗೆ ಅದು ಸರಿ. ಕುಡಿಯುವುದನ್ನು ಕುದಿಸುವ ಪಾತ್ರೆಗೆ ಬೇಡ, ಸಂದಿಗೆ ಹೊಕ್ಕ ಸೀಮೆಎಣ್ಣೆಯನ್ನು ಹೊರಗೆ ತೆಗೆಯುವುದು ಸುಲಭವಲ್ಲ. ಗಾಳಿ ತುಂಬಿ ಒತ್ತಡದಲ್ಲಿ ಪರೀಕ್ಷಿಸುವುದಂತೂ ಕೂಡದು. ಚಪ್ಪಟೆ ತಳದ ಪಾತ್ರೆ ಒತ್ತಡಕ್ಕಾಗಿ ಮಾಡಿದ್ದಲ್ಲ.

ಕೆಲವು ಹಂಡೆಗಳು ಮೊದಲ ಕೆಲವು ಸಲ ಸೋರದೆ, ಚೆನ್ನಾಗಿ ಉಜ್ಜಿ ತೊಳೆದ ಮೇಲೆ ಸೋರತೊಡಗುತ್ತವೆ. ಬೆಸುಗೆ ಹೊಸದಾಗಿ ಕೆಟ್ಟಿದೆ ಎಂದಲ್ಲ. ಕುದಿಯುವ ಬಾರ್ಲಿಯ ಸಿಹಿ ರಸ ಒಣಗಿ ರಂಧ್ರವನ್ನು ಮುಚ್ಚಿತ್ತು, ಕ್ಷಾರದ ಪುಡಿ ಅದನ್ನು ಕರಗಿಸಿತು, ಅಷ್ಟೇ.

ಬೆಸುಗೆ ಒತ್ತಡ ತಾಳದೆ ಬಾಯಿ ಬಿಟ್ಟೀತೆಂಬ ಭಯ ಅನೇಕರಿಗೆ. ಲೆಕ್ಕ ಹಾಕಿದರೆ ಭಯ ಕರಗುತ್ತದೆ. 80 ಸೆಂಟಿಮೀಟರ್ ನೀರು ತಳದಲ್ಲಿ ಹೇರುವುದು ಸುಮಾರು 0.08 ಬಾರ್ ಒತ್ತಡ. ಅದರಿಂದ 0.8 ಮಿಲಿಮೀಟರ್ ಗೋಡೆಯಲ್ಲಿ ಉಂಟಾಗುವ ಎಳೆತ ಎರಡು ಮೆಗಾಪ್ಯಾಸ್ಕಲ್, 304 ದರ್ಜೆಯ ಸ್ಟೀಲ್ ತಾಳುವುದರಲ್ಲಿ ನೂರನೇ ಒಂದು ಪಾಲು. ಕಳಪೆ ಬೆಸುಗೆಯೂ ಇಷ್ಟನ್ನು ಹಿಡಿಯುತ್ತದೆ. ನಮ್ಮ ಸಮಸ್ಯೆ ಬಲದ್ದಲ್ಲ, ರಂಧ್ರದ್ದು ಮತ್ತು ತುಕ್ಕಿನದು. ಭಯ ಪಡಬೇಕಾದದ್ದು ನೂರು ಕಿಲೋ ಕುದಿಯುವ ನೀರನ್ನು ಹೊತ್ತ ಸ್ಟ್ಯಾಂಡಿನ ಬಗ್ಗೆ. ಅದರ ಕಾಲು ಅಲ್ಲಾಡುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ.

ಒಳಗೆ ಕಪ್ಪಗೆ, ತರಿತರಿಯಾಗಿದೆ

ಕನ್ನಡಿಯಲ್ಲಿ ಒಳಮುಖದ ಬೆಸುಗೆ ಹೊತ್ತಿದ ಬೆಲ್ಲದ ಪಾಕದಂತೆ ಕಪ್ಪಗೆ ಉಬ್ಬಿ, ಕೈಗೆ ಮರಳಿನಂತೆ ತಗುಲಿದರೆ ಹುಡುಕಾಟ ಅರ್ಧ ಮುಗಿಯಿತು. ಅಮೆರಿಕದ ವೆಲ್ಡರುಗಳು ಇದನ್ನು ಶುಗರಿಂಗ್ ಎನ್ನುತ್ತಾರೆ. ಹೊರಮುಖವನ್ನು ಬೆಸುಗೆಯ ಟಾರ್ಚಿನಿಂದ ಬರುವ ಆರ್ಗಾನ್ ಅನಿಲ ಗಾಳಿ ತಾಗದಂತೆ ಕಾಪಾಡುತ್ತದೆ. ಒಳಮುಖವೂ ಅದೇ ಹೊತ್ತಿಗೆ ಕರಗಿ 1400 ಡಿಗ್ರಿ ದಾಟಿರುತ್ತದೆ, ಆದರೆ ಅಲ್ಲಿ ಇರುವುದು ಬರಿ ಗಾಳಿ. ಕ್ರೋಮಿಯಂ ಆಮ್ಲಜನಕದ ಜೊತೆ ಉರಿದು ಆಕ್ಸೈಡ್ ಗಂಟಾಗುತ್ತದೆ, ಲೋಹ ಬೆನ್ನಿನ ಕಡೆ ಸರಾಗವಾಗಿ ಹರಡಲಾರದೆ ಒಡೆಯುತ್ತದೆ. ಈ ಗಂಟುಗಳ ನಡುವಿನ ಸಂದುಗಳೇ ಸೂಜಿರಂಧ್ರಗಳ ತವರು. ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ಅಲ್ಲಿ ರೋಗಾಣು ಕೂತು ಬಿಯರ್ ಕೆಡುತ್ತದೆ ಎಂಬ ಮಾತನ್ನು ಬಹಳ ಜನ ಹೇಳುತ್ತಾರೆ. ಕುದಿಸುವ ಹಂಡೆಯ ಮಟ್ಟಿಗೆ ಇದು ಅತಿರೇಕ. ಒಂದು ಗಂಟೆ ಕುದಿದ ರಸದಲ್ಲಿ ಬಿಯರ್ ಕೆಡಿಸುವ ಜೀವಾಣು ಉಳಿಯುವುದಿಲ್ಲ. ಇದೇ ಬೆಸುಗೆ ಹುದುಗಿಸುವ ತೊಟ್ಟಿಯಲ್ಲಿದ್ದರೆ ಅದನ್ನು ಬಳಸಲೇಬಾರದು. ಹಂಡೆಯಲ್ಲಿ ಅದರ ನಿಜವಾದ ಕಾಟ ಬೇರೆ: ಸಂದಿಯಲ್ಲಿ ರಸ ಸಿಕ್ಕಿ ಸೀದುಹೋಗುತ್ತದೆ, ತೊಳೆದಷ್ಟೂ ಕಪ್ಪು ಬರುತ್ತದೆ, ಕೊನೆಗೆ ಲೋಹ ಕೊರೆಯುತ್ತದೆ.

ಪರಿಹಾರ ಒಂದೇ, ಬೆನ್ನಿಗೂ ಆರ್ಗಾನ್ ಕೊಡಬೇಕು. ಇಲ್ಲಿ ಎಲ್ಲರೂ ಎಡವುವುದು ಲೆಕ್ಕದಲ್ಲಿ. ನೂರು ಲೀಟರಿನ ಪಾತ್ರೆಯೊಳಗಿನ ಗಾಳಿಯನ್ನು ಹೊರದೂಡಲು ಅದರ ನಾಲ್ಕೈದು ಪಟ್ಟು ಅನಿಲ ಬೇಕು. ಅಂದರೆ 500 ಲೀಟರ್, ನಿಮಿಷಕ್ಕೆ ಹತ್ತು ಲೀಟರಿನಂತೆ ಐವತ್ತು ನಿಮಿಷ. ಹವ್ಯಾಸಿಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ 80 ಘನ ಅಡಿಯ ಸಿಲಿಂಡರಿನಲ್ಲಿ ಸುಮಾರು 2260 ಲೀಟರ್ ಇರುತ್ತದೆ. ಅದರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮೊದಲ ಟ್ಯಾಕ್ (ಅಂಚುಗಳನ್ನು ಹಿಡಿದಿಡುವ ಚುಕ್ಕೆ ಬೆಸುಗೆ) ಹಾಕುವ ಮುನ್ನವೇ ಹೋಗುತ್ತದೆ. ಹತ್ತು ನಿಮಿಷ ಬಿಟ್ಟು ‘ಪರ್ಜ್ ಆಯಿತು’, ಅಂದರೆ ಗಾಳಿಯೆಲ್ಲ ಹೊರಹೋಯಿತು, ಎಂದು ಶುರು ಮಾಡಿದವರ ಹಂಡೆಯ ಒಳಗೆ ಮತ್ತೆ ಅದೇ ಕಪ್ಪು ಗಂಟು. ಆರ್ಗಾನ್ ಕೊಟ್ಟರೂ ಹೀಗಾಯಿತಲ್ಲ ಎಂದು ಆಮೇಲೆ ಸಿಲಿಂಡರಿನವನನ್ನು ಬೈಯುವುದು.

ಪೂರ್ತಿ ಪಾತ್ರೆ ತುಂಬುವ ಅಗತ್ಯವೇ ಇಲ್ಲ. ದಪ್ಪ ರಟ್ಟಿನ ಎರಡು ಬಿಲ್ಲೆ ಕತ್ತರಿಸಿ, ಬೆಸುಗೆಯ ಗೆರೆಗೆ ಐದು ಸೆಂಟಿಮೀಟರ್ ಮೇಲೆ ಒಂದು, ಐದು ಸೆಂಟಿಮೀಟರ್ ಕೆಳಗೆ ಒಂದು ಕೂರಿಸಿ, ಸುತ್ತ ಅಂಟುಪಟ್ಟಿ ಹಾಕಿ. ಈಗ ತುಂಬಬೇಕಾದ ಜಾಗ ಹನ್ನೆರಡೂವರೆ ಲೀಟರ್ ಮಾತ್ರ, ಆರೇಳು ನಿಮಿಷದ ಕೆಲಸ. ಆರ್ಗಾನ್ ಗಾಳಿಗಿಂತ 1.4 ಪಟ್ಟು ಭಾರ, ಆದ್ದರಿಂದ ಕೊಳವೆ ಕೆಳಗಿನ ಬಿಲ್ಲೆಯ ಬಳಿ ಬಿಡುವಂತಿರಲಿ, ಗಾಳಿ ಹೊರಹೋಗುವ ತೂತು ಮೇಲಿನ ಬಿಲ್ಲೆಯಲ್ಲಿ ಎದುರು ಬದಿಗಿರಲಿ. ಇನ್ನೂ ಬೆಸೆಯದ ಸಂದಿನ ಮೇಲೆ ಹೊರಗಿನಿಂದ ಪಟ್ಟಿ ಅಂಟಿಸಿ, ಮುಂದೆ ಹೋದಂತೆ ಕೀಳುತ್ತಾ ಹೋಗಿ. ತುಂಬಿದ ಮೇಲೆ ಹರಿವನ್ನು ನಿಮಿಷಕ್ಕೆ ಮೂರು ನಾಲ್ಕು ಲೀಟರಿಗೆ ಇಳಿಸಿ. ಹೊರಗಂಡಿ ಚಿಕ್ಕದಾಗಿ ಒಳಗೆ ಒತ್ತಡ ಏರಿದರೆ ಕೊನೆಯ ಒಂದಿಂಚು ಬೆಸೆಯುವಾಗ ಕರಗಿದ ಲೋಹವನ್ನು ಅನಿಲ ಹೊರಕ್ಕೆ ಊದುತ್ತದೆ. ಸುತ್ತಿನ ಕೊನೆಯಲ್ಲಿ ಮಾತ್ರ ತೂತು ಬೀಳುತ್ತಿದ್ದರೆ ಇದನ್ನೇ ಅನುಮಾನಿಸಿ.

ಆರ್ಗಾನ್ ತುಂಬಿದ ಹಂಡೆಯೊಳಗೆ ತಲೆ ಹಾಕಬೇಡಿ. ಅದಕ್ಕೆ ವಾಸನೆಯಿಲ್ಲ, ಉಸಿರುಗಟ್ಟಿದ ಅನುಭವವೂ ಕೊಡುವುದಿಲ್ಲ, ಭಾರವಾದ್ದರಿಂದ ಕೊಳವೆ ತೆಗೆದ ಮೇಲೂ ತಳದಲ್ಲಿ ನಿಂತಿರುತ್ತದೆ. ಬಿಲ್ಲೆ ತೆಗೆದು, ಹಂಡೆಯನ್ನು ಅಡ್ಡ ಮಲಗಿಸಿ, ಫ್ಯಾನ್ ಹಚ್ಚಿ ಗಾಳಿಯಾಡಿಸಿದ ಮೇಲೆ ಕನ್ನಡಿ ಹಿಡಿಯಿರಿ.

ಅನಿಲದ ಬದಲು ಬೆನ್ನಿಗೆ ಹಚ್ಚುವ, ಗಾಳಿ ತಾಗದಂತೆ ತಡೆಯುವ ಫ್ಲಕ್ಸ್ ಪೇಸ್ಟ್ ಸಿಗುತ್ತದೆ. ಗೇಟು, ಕಂಬಿಗೆ ಸಾಕು. ಅದು ಬಿಡುವ ಗಾಜಿನಂಥ ಪೊರೆಯನ್ನು ಪಾತ್ರೆಯ ಒಳಗಿನಿಂದ ಕೆರೆದು ಪೂರ್ತಿ ತೆಗೆಯುವ ತಾಳ್ಮೆ ಇರುವವನಿಗೆ ಎರಡು ಬಿಲ್ಲೆ ಕತ್ತರಿಸುವ ತಾಳ್ಮೆಯೂ ಇರುತ್ತದೆ.

ಬೆಸೆಯುತ್ತಿದ್ದಂತೆ ತೂತು ಬೀಳುತ್ತಿದೆ

ಎಲ್ಲರೂ ಮೊದಲು ಮುಟ್ಟುವುದು ಆಂಪಿಯರ್ ಗುಂಡಿಯನ್ನು. ಅದನ್ನು ಬಿಟ್ಟು ಅಂಚುಗಳನ್ನು ನೋಡಿ. ತೆಳು ತಗಡಿನಲ್ಲಿ ಸಂದು ಎಂಬುದೇ ಇರಬಾರದು. ಎರಡು ಅಂಚುಗಳ ನಡುವೆ ಬೆಳಕು ಕಂಡರೆ ಆರ್ಕಿನ ಶಾಖಕ್ಕೆ ಎರಡೂ ಅಂಚು ಹಿಂದಕ್ಕೆ ಸರಿದು ಉಂಡೆಯಾಗುತ್ತವೆ, ತೂತು ಕ್ಷಣದಲ್ಲಿ ದೊಡ್ಡದಾಗುತ್ತದೆ. ಒಂದೇ ಅಂಗಡಿಯ ಒಂದೇ ಅಳತೆಯ ಎರಡು ಪಾತ್ರೆ ಎಂದರೂ ವ್ಯಾಸದಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದರೆ ಸುತ್ತಳತೆಯಲ್ಲಿ ಮೂರು ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಟ್ಯಾಕ್ ಹಾಕುತ್ತಾ ಹೋದಂತೆ ಆ ಹೆಚ್ಚುವರಿಯೆಲ್ಲ ಕೊನೆಗೆ ಒಂದೇ ಕಡೆ ಗುಡ್ಡೆಯಾಗಿ ಅಂಚು ಹೊರಕ್ಕೆ ಹಾರುತ್ತದೆ. ಆದ್ದರಿಂದ ಟೇಪಿನಿಂದ ಹೊರ ಸುತ್ತಳತೆಯನ್ನು ಅಳೆಯಿರಿ, ವ್ಯಾಸವನ್ನಲ್ಲ. ಟ್ಯಾಕ್‌ಗಳನ್ನು ಎದುರು ಬದುರು, ನಾಲ್ಕು ದಿಕ್ಕು, ಎಂಟು ದಿಕ್ಕು ಎಂದು ಹಾಕುತ್ತಾ ಎರಡು ಎರಡೂವರೆ ಸೆಂಟಿಮೀಟರಿಗೊಂದು ಬರುವವರೆಗೆ ಹಾಕಿ. ಬೇಸರದ ಕೆಲಸ. ಆದರೆ ಇಡೀ ಹಂಡೆಯ ಹಣೆಬರಹ ನಿರ್ಧಾರವಾಗುವುದು ಇಲ್ಲಿ.

ಕತ್ತರಿಸುವ ಶ್ರಮ ಉಳಿಸಲು ಕೆಲವರು ಒಂದು ಪಾತ್ರೆಯ ಮಡಿಸಿದ ಕಂಠವನ್ನು ಹಾಗೆಯೇ ಬಿಟ್ಟು ಅದರ ಮೇಲೆ ಬೆಸೆಯುತ್ತಾರೆ. ಆ ಮಡಿಕೆಯೊಳಗೆ ಗಾಳಿ, ಎಣ್ಣೆ, ತೊಳೆದ ನೀರು ಎಲ್ಲವೂ ಕೂತಿರುತ್ತವೆ. ಕಾದಾಗ ಅವು ಕರಗಿದ ಲೋಹವನ್ನು ಸೀಳಿಕೊಂಡು ಬರುತ್ತವೆ. ಬೆಸುಗೆಯಲ್ಲಿ ಸಾಲಾಗಿ ಗುಳ್ಳೆಗಳಿದ್ದು, ಅವು ಕಂಠದ ಗುಂಟವೇ ಇದ್ದರೆ ಆಂಪಿಯರ್, ಅನಿಲ ಯಾವುದನ್ನು ತಿದ್ದಿದರೂ ಹೋಗುವುದಿಲ್ಲ. ಕಂಠ ಕತ್ತರಿಸಲೇಬೇಕು.

ಅಂಚುಗಳು ಸರಿಯಾಗಿ ಕೂತಿದ್ದೂ ತೂತು ಬಿದ್ದರೆ ಆಗ ಆಂಪಿಯರ್. 0.8 ಮಿಲಿಮೀಟರಿಗೆ 25ರಿಂದ 35 ಆಂಪಿಯರ್ ಸಾಕು. ಆದರೆ ಹೆದರಿ ತೀರ ಇಳಿಸುವುದೂ ತಪ್ಪು. ಕಡಿಮೆ ಆಂಪಿಯರಿನಲ್ಲಿ ಲೋಹ ಕರಗಲೆಂದು ಕಾಯುತ್ತಾ ನಿಂತರೆ ಸುತ್ತಲಿನ ತಗಡೆಲ್ಲ ಕಾದು, ಕೊನೆಗೆ ಕರಗಿದಾಗ ಒಟ್ಟಿಗೇ ಕುಸಿಯುತ್ತದೆ. ಸ್ವಲ್ಪ ಹೆಚ್ಚು ಆಂಪಿಯರ್, ಗಿಡ್ಡ ಆರ್ಕ್, ಚುರುಕಾದ ಕೈ, ಇದೇ ಮೇಲು. ಬೆಸುಗೆಗೆ ಕರಗಿಸಿ ಸೇರಿಸುವ ಫಿಲ್ಲರ್ ಕಡ್ಡಿ ಒಂದು ಮಿಲಿಮೀಟರಿನ, 308ಎಲ್ ದರ್ಜೆಯದಿರಲಿ. 1.6ರ ಕಡ್ಡಿಯನ್ನು ಕರಗಿಸಲು ಬೇಕಾಗುವ ಶಾಖವೇ ತಗಡನ್ನು ತೂತು ಮಾಡುತ್ತದೆ. ಸಾಧ್ಯವಿದ್ದಲ್ಲಿ ಬೆನ್ನಿಗೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಶಾಖ ಹೀರಿಕೊಳ್ಳುತ್ತದೆ, ಆದರೆ ಆರ್ಕ್ ತಾಮ್ರವನ್ನು ಮುಟ್ಟಬಾರದು. ಬೆಸುಗೆಗೆ ಸೇರಿದ ತಾಮ್ರ ಬಿರುಕು ತರುತ್ತದೆ.

ಪಾತ್ರೆ ಸೊಟ್ಟಗಾಯಿತು

ಸ್ಟೇನ್‌ಲೆಸ್ ಸ್ಟೀಲ್ ಕಾದಾಗ ಮಾಮೂಲಿ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಶಾಖವನ್ನು ಮಾತ್ರ ಅದರ ಮೂರನೇ ಒಂದು ಭಾಗದಷ್ಟೇ ವೇಗದಲ್ಲಿ ಸಾಗಿಸುತ್ತದೆ. ಬಿಸಿ ಒಂದೇ ಕಡೆ ನಿಲ್ಲುತ್ತದೆ, ಅಲ್ಲೇ ಹಿಗ್ಗಿ ಅಲ್ಲೇ ಕುಗ್ಗುತ್ತದೆ. ಒಂದೇ ಕಡೆಯಿಂದ ಶುರು ಮಾಡಿ ಸುತ್ತು ಮುಗಿಸಿದರೆ ಬೆಸುಗೆಯ ಗುಂಟ ಸೊಂಟಪಟ್ಟಿ ಬಿಗಿದಷ್ಟು ಒಳಕ್ಕೆ ಎಳೆದಿರುತ್ತದೆ, ಕೆಲವೆಡೆ ಅಲೆ ಎದ್ದಿರುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಬೆಸೆದು ಎದುರು ಬದಿಗೆ ಹೋಗಿ, ಕೈ ಇಡುವಷ್ಟು ಆರಿದ ಮೇಲೆ ಮುಂದುವರಿಸಿ. ಈಗಾಗಲೇ ಸೊಟ್ಟಗಾಗಿದ್ದರೆ ಮತ್ತು ಸೋರುತ್ತಿಲ್ಲವಾದರೆ ಬಿಟ್ಟುಬಿಡಿ. ಬಡಿದು ನೇರ ಮಾಡಲು ಹೋಗಿ ಬೆಸುಗೆ ಬಿರುಕು ಬಿಡುವುದಕ್ಕಿಂತ ಸೊಟ್ಟ ಹಂಡೆಯೇ ವಾಸಿ.

ಆರ್ಕ್ ಅಲೆಯುತ್ತಿದೆ, ಬೆಸುಗೆ ಬೂದುಬಣ್ಣ

ಆರ್ಕ್ ಹೊಮ್ಮುವ ಟಂಗ್‌ಸ್ಟನ್ ಕಡ್ಡಿಯ ತುದಿಗೆ ಲೋಹ ತಾಗಿದೆಯೇ ನೋಡಿ. ತಾಗಿದ್ದರೆ ಹೊಸದಾಗಿ ಸಾಣೆ ಹಿಡಿಯಿರಿ, ಗೆರೆಗಳು ಉದ್ದಕ್ಕೆ ಬರುವಂತೆ. ತುದಿ ಚೊಕ್ಕವಾಗಿದ್ದೂ ಆರ್ಕ್ ಆರಿದ ಮೇಲೆ ಕಪ್ಪಾಗಿದ್ದರೆ ಅನಿಲ ಬೇಗ ನಿಲ್ಲುತ್ತಿದೆ, ಐದಾರು ಸೆಕೆಂಡ್ ಹೆಚ್ಚಿಸಿ. ಹೊರಮುಖದ ಬೆಸುಗೆ ಬೂದುಬಣ್ಣಕ್ಕೆ ತಿರುಗಿದ್ದರೆ ಮೊದಲು ತಲೆ ಎತ್ತಿ ಫ್ಯಾನ್ ನೋಡಿ. ಮೇಲೆ ಫ್ಯಾನ್ ತಿರುಗುತ್ತಿರುವಾಗ ಆರ್ಗಾನ್ ಹರಿವನ್ನು ಏರಿಸುತ್ತಾ ಹೋಗುವುದು ವ್ಯರ್ಥ. ನಿಮಿಷಕ್ಕೆ ಏಳರಿಂದ ಹತ್ತು ಲೀಟರ್ ಸಾಕು, ಅದಕ್ಕಿಂತ ತೀರ ಹೆಚ್ಚಾದರೆ ಅನಿಲವೇ ಸುಳಿಯಾಗಿ ಗಾಳಿಯನ್ನು ಒಳಕ್ಕೆಳೆಯುತ್ತದೆ. ಬೆಸುಗೆ ಮುಗಿಯುವ ಜಾಗದಲ್ಲಿ ನಕ್ಷತ್ರದಂಥ ಸಣ್ಣ ಬಿರುಕು ಕಂಡರೆ ಕರೆಂಟನ್ನು ಒಮ್ಮೆಗೇ ನಿಲ್ಲಿಸಿದ್ದೀರಿ. ಕಡ್ಡಿಯ ಒಂದು ಹನಿ ಕೊಟ್ಟು ನಿಧಾನವಾಗಿ ಇಳಿಸಬೇಕು.

ಬೆಸೆಯುವ ಮುನ್ನ ಅಂಚುಗಳನ್ನು ಒರೆಸಲು ಅಸಿಟೋನ್ ಬಳಸಿ, ಒಣಗಲು ಬಿಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬೇಡವೇ ಬೇಡ. ಆರ್ಕಿನ ಬೆಳಕಿಗೆ ಅದರ ಆವಿ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಕೆಲವು ವಾರಗಳ ನಂತರ ತುಕ್ಕು

ಸ್ಟೇನ್‌ಲೆಸ್ ಎಂದು ಕೊಂಡದ್ದಕ್ಕೆ ತುಕ್ಕು ಬಂದಾಗ ಅಂಗಡಿಯವನು ಮೋಸ ಮಾಡಿದನೆಂದು ಅಯಸ್ಕಾಂತ ಹಿಡಿಯುವುದು ವಾಡಿಕೆ. ಅಯಸ್ಕಾಂತ ಇಲ್ಲಿ ಒಳ್ಳೆಯ ಸಾಕ್ಷಿಯಲ್ಲ. 304 ತಗಡನ್ನು ಪಾತ್ರೆಯ ಆಕಾರಕ್ಕೆ ಒತ್ತಿ ಎಳೆದಾಗ ಮೂಲೆಗಳಲ್ಲಿ ಅದು ಸ್ವಲ್ಪ ಅಂಟುವ ಗುಣ ಪಡೆಯುತ್ತದೆ. ಇತ್ತ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ 201 ದರ್ಜೆ ಅಗ್ಗದ್ದು, ಬೇಗ ತುಕ್ಕು ಹಿಡಿಯುವಂಥದ್ದು, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬದಲು ತುಕ್ಕು ಎಲ್ಲಿ ಬಂದಿದೆ ಎಂದು ನೋಡಿ, ಜಾಗವೇ ಕಾರಣ ಹೇಳುತ್ತದೆ.

ಅಲ್ಲಲ್ಲಿ ಚೆದುರಿದ ಚುಕ್ಕೆಗಳಾಗಿದ್ದರೆ, ಅದರಲ್ಲೂ ಗ್ರೈಂಡರಿನ ಕಿಡಿ ಹಾರಿದ ದಿಕ್ಕಿನಲ್ಲಿದ್ದರೆ, ಅದು ಪಾತ್ರೆಯ ತುಕ್ಕಲ್ಲ, ಮೇಲೆ ಕೂತ ಕಬ್ಬಿಣದ ಪುಡಿಯದು. ನಿನ್ನೆ ಕಬ್ಬಿಣದ ಗೇಟು ಉಜ್ಜಿದ ಡಿಸ್ಕು ಅಥವಾ ತಂತಿ ಬ್ರಷ್ ಇವತ್ತು ಹಂಡೆಗೆ ಬಂದಿದೆ. ಸ್ಟೇನ್‌ಲೆಸ್ಸಿಗೆಂದೇ ಬೇರೆ ಇಟ್ಟುಕೊಳ್ಳಿ. ಬೆಸುಗೆಯ ಎರಡೂ ಬದಿ ಕೆಲವು ಮಿಲಿಮೀಟರ್ ದೂರದಲ್ಲಿ ಗೆರೆಯಂತೆ ಬಂದಿದ್ದರೆ ನೀಲಿ, ನೇರಳೆ, ಬೂದು ಶಾಖದ ಬಣ್ಣವನ್ನು ತೆಗೆಯದೆ ಬಿಟ್ಟದ್ದು ಕಾರಣ. ಆ ಬಣ್ಣದ ಪೊರೆಯ ಕೆಳಗೆ ಕ್ರೋಮಿಯಂ ಸೊರಗಿರುತ್ತದೆ. ತಿಳಿ ಹುಲ್ಲಿನ ಬಣ್ಣವಾದರೆ ಚಿಂತೆಯಿಲ್ಲ. ತಳದಲ್ಲಿ ಸೂಜಿ ಚುಚ್ಚಿದಂಥ ಗುಣಿಗಳಿದ್ದರೆ ಬ್ಲೀಚಿಂಗ್ ದ್ರವ ಹಾಕಿ ತೊಳೆದಿದ್ದೀರಿ. ಕ್ಲೋರೈಡ್ ಸ್ಟೇನ್‌ಲೆಸ್ಸಿನ ಜನ್ಮವೈರಿ.

ಬೆಸುಗೆಯ ಶಾಖಕ್ಕೆ ಕ್ರೋಮಿಯಂ ಇಂಗಾಲದೊಡನೆ ಸೇರಿ ಕಾರ್ಬೈಡ್ ಆಗಿ ಅಂಚು ದುರ್ಬಲವಾಯಿತು ಎಂದು ಓದಿದವರು ಹೇಳುತ್ತಾರೆ. ದಪ್ಪ ತಟ್ಟೆಗಳಲ್ಲಿ ನಿಜ. 0.8 ಮಿಲಿಮೀಟರ್ ತಗಡು ಆ ಉಷ್ಣತೆಯ ವಲಯದಲ್ಲಿ ನಿಲ್ಲುವುದೇ ಕೆಲವು ಸೆಕೆಂಡು. ಉಳಿದ ಮೂರನ್ನೂ ತಳ್ಳಿಹಾಕಿದ ಮೇಲೆ ಅದನ್ನು ಯೋಚಿಸಿ.

ಮದ್ದು: ಶಾಖದ ಬಣ್ಣವನ್ನು ಮೊದಲು ನಯವಾದ ಅಪಘರ್ಷಕ ಪ್ಯಾಡಿನಿಂದ ಉಜ್ಜಿ ಪೂರ್ತಿ ತೆಗೆಯಿರಿ. ಆಮೇಲೆ ಲೀಟರಿಗೆ ನೂರು ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಬೆಸುಗೆಯ ಮೇಲೆ ಒಂದೆರಡು ಗಂಟೆ ಹಾಸಿ, ತೊಳೆದು ಒಣಗಿಸಿ. ಸಿಟ್ರಿಕ್ ಆಮ್ಲ ಕಬ್ಬಿಣದ ಪುಡಿ ತಿನ್ನುತ್ತದೆ, ನೀಲಿ ಪೊರೆಯನ್ನು ತಿನ್ನುವುದಿಲ್ಲ. ಉಜ್ಜದೆ ಆಮ್ಲ ಹಾಕಿದವರ ಕೆಲಸ ವ್ಯರ್ಥವಾಗುವುದು ಇದಕ್ಕೇ. ಕಾರ್ಖಾನೆಗಳಲ್ಲಿ ಬಳಸುವ ಪಿಕ್ಲಿಂಗ್ ಪೇಸ್ಟ್ ಬಣ್ಣವನ್ನೂ ತೆಗೆಯುತ್ತದೆ, ಆದರೆ ಅದರಲ್ಲಿರುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದೊಳಗೆ ಇಳಿದು ಮೂಳೆಯವರೆಗೆ ಹೋಗುತ್ತದೆ. ಮನೆಯ ಗ್ಯಾರೇಜಿಗೆ ಅದು ತಕ್ಕದ್ದಲ್ಲ.

ನಲ್ಲಿಯ ಸುತ್ತ ಬಿರುಕು

ಇಲ್ಲಿ ತಪ್ಪು ಬೆಸೆಯುವವನದಲ್ಲ, ವಿನ್ಯಾಸದ್ದು. ಮೂರು ಮಿಲಿಮೀಟರ್ ದಪ್ಪದ ಕಪ್ಲಿಂಗನ್ನು (ನಲ್ಲಿ ಕೂರಿಸುವ ಕೊಳವೆ ತುಂಡನ್ನು) 0.8ರ ಗೋಡೆಗೆ ನೇರ ಬೆಸೆದು, ಅದರ ತುದಿಗೆ ಭಾರದ ಬಾಲ್ ವಾಲ್ವ್ ಹಾಕಿದರೆ ಪ್ರತಿ ಸಲ ಹಿಡಿ ತಿರುಗಿಸಿದಾಗ ಗೋಡೆ ಬಾಗುತ್ತದೆ. ಬೆಸುಗೆಯ ಅಂಚಿನಲ್ಲಿ ಅರ್ಧಚಂದ್ರದ ಬಿರುಕು ಬರುತ್ತದೆ. ಮತ್ತೆ ಬೆಸೆದರೆ ಸ್ವಲ್ಪ ದೂರದಲ್ಲಿ ಇನ್ನೊಂದು. ಅಂಗೈಯಗಲದ ದಪ್ಪ ತಗಡಿನ ಬಿಲ್ಲೆಯನ್ನು ಮೊದಲು ಗೋಡೆಗೆ ಬೆಸೆದು ಕಪ್ಲಿಂಗನ್ನು ಅದಕ್ಕೆ ಕೂಡಿಸಬೇಕು, ಬಿಲ್ಲೆಯ ಹಿಂದೆ ರಸ ಹೊಗದಂತೆ ಒಳ ತೂತಿನ ಅಂಚನ್ನೂ ಮುಚ್ಚಬೇಕು. ನನ್ನನ್ನು ಕೇಳಿದರೆ ಈ ಜಾಗದಲ್ಲಿ ಬೆಸುಗೆಯೇ ಬೇಡ. ಸಿಲಿಕೋನ್ ಉಂಗುರ ಹಾಕಿ ಒಳಗಿನಿಂದ ನಟ್ಟು ಬಿಗಿಯುವ ಜೋಡಣೆ ಸಾಕು, ತೊಳೆಯಲು ಬಿಚ್ಚಲೂಬಹುದು.

ಕೆಟ್ಟ ಬೆಸುಗೆಯನ್ನು ಎಷ್ಟರ ಮಟ್ಟಿಗೆ ತಿದ್ದಬಹುದು? ಒಂದೆರಡು ಸೂಜಿರಂಧ್ರವಾದರೆ ಒಳಗಿನಿಂದ ಕಪ್ಪು ಗಂಟನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹೊರಗಿನಿಂದಲೂ ಸಣ್ಣ ತೋಡು ಮಾಡಿ, ಬೆನ್ನಿಗೆ ಆರ್ಗಾನ್ ಇಟ್ಟುಕೊಂಡು ಅಷ್ಟನ್ನೇ ಬೆಸೆಯಿರಿ. ಸುತ್ತಿನ ಕಾಲುಭಾಗಕ್ಕಿಂತ ಹೆಚ್ಚು ಕೆಟ್ಟಿದ್ದರೆ ತೇಪೆ ಹಾಕುತ್ತಾ ಕೂರಬೇಡಿ. ಬೆಸುಗೆಯ ಮೇಲೆ ಒಂದು, ಕೆಳಗೆ ಒಂದು ಸೆಂಟಿಮೀಟರ್ ಬಿಟ್ಟು ಇಡೀ ಪಟ್ಟಿಯನ್ನೇ ಕತ್ತರಿಸಿ ತೆಗೆದು, ಚೊಕ್ಕ ಅಂಚುಗಳಿಂದ ಮೊದಲಿನಿಂದ ಶುರು ಮಾಡಿ. ಈ ವ್ಯಾಸದ ಹಂಡೆಯಲ್ಲಿ ಎರಡು ಸೆಂಟಿಮೀಟರ್ ಎತ್ತರ ಎಂದರೆ ಕಳೆದುಕೊಳ್ಳುವುದು ಎರಡೂವರೆ ಲೀಟರ್ ಮಾತ್ರ.